ಚಿಂಬೊರಾಜೊದ ಒಂದು ಹಗಲು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭೂಮಿಯ ಮೇಲಣ ಅತ್ಯುನ್ನತ ಪರ್ವತ ಯಾವುದೆಂದು ಯುರೋಪಿನ ವಿದ್ವಾಂಸರನ್ನು ಕೇಳಿದ್ದರೆ ಅವರು ಹಿಮಾಲಯದ ಹೆಸರನ್ನು ಹೇಳುತ್ತಿರಲಿಲ್ಲ. ಹಿಮಾಲಯದ ಶಿಖರಗಳ ಎತ್ತರವನ್ನು ಆವರೆಗೆ ಯಾರೂ ಸರಿಯಾಗಿ ಅಳೆದಿರಲಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಶ್ರೇಣಿಯಲ್ಲಿ, ಭೂಮಧ್ಯರೇಖೆಗೆ ತುಸು ದಕ್ಷಿಣಕ್ಕೆ, ಇಂದಿನ ಎಕ್ವಡಾರ್ ದೇಶದಲ್ಲಿರುವ ಚಿಂಬೊರಾಜೊ ಎಂಬ ಹಿಮಾಚ್ಛಾದಿತ ಜ್ವಾಲಾಮುಖಿಗೇ ಆ ಗೌರವ ಸಲ್ಲುತ್ತಿತ್ತು. 1802ರ ಜೂನ್ 23ರಂದು ಅದನ್ನು ಏರಹೊರಟ ನಾಲ್ವರು ತುದಿಯನ್ನು ಮುಟ್ಟಲಿಲ್ಲ. ಆದರೂ ಆ ಒಂದು ಹಗಲು ಅವರಲ್ಲೊಬ್ಬನ ಹೆಸರಿನೊಡನೆ ಶಾಶ್ವತವಾಗಿ ಬೆಸೆದುಕೊಂಡಿತು. ಆತ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್.

ಹಂಬೋಲ್ಟ್ ಜನಿಸಿದ್ದು 1769ರ ಸೆಪ್ಟೆಂಬರ್ 14ರಂದು, ಬರ್ಲಿನ್ ನಗರದಲ್ಲಿ. ತಂದೆ ಪ್ರಷ್ಯದ ಸೇನಾಧಿಕಾರಿ. ಮಗನಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡ. ತಾಯಿ ಸಿರಿವಂತೆ, ಮಿತಭಾಷಿಣಿ. ಮಕ್ಕಳಿಬ್ಬರೂ ಸರಕಾರದ ಹುದ್ದೆ ಹಿಡಿಯಬೇಕೆಂಬುದು ಆಕೆಯ ಸಂಕಲ್ಪ. ಅಣ್ಣ ವಿಲ್ಹೆಲ್ಮ್ ಕಾಲಕ್ರಮದಲ್ಲಿ ಭಾಷೆಗಳ ಅಧ್ಯಯನಕ್ಕೆ ಹೊರಳಿದ. ಜಾವಾ ದ್ವೀಪದ ಕವಿ ಭಾಷೆಯನ್ನು ಕುರಿತ ಆತನ ಗ್ರಂಥವೂ ಭಗವದ್ಗೀತೆಯನ್ನು ಕುರಿತ ಉಪನ್ಯಾಸಗಳೂ ಭಾಷಾಶಾಸ್ತ್ರದ ಚರಿತ್ರೆಯಲ್ಲಿ ಇಂದಿಗೂ ಹೆಸರಾಗಿವೆ. ತಮ್ಮ ಅಲೆಕ್ಸಾಂಡರ್ ಫ್ರೈಬರ್ಗಿನ ಗಣಿ ವಿದ್ಯಾಲಯದಲ್ಲಿ ಕಲಿತು ಗಣಿಗಳ ಮೇಲ್ವಿಚಾರಕನಾದ. ನೆಲದಡಿಯಲ್ಲಿ ದುಡಿಯುವವರಿಗಾಗಿ ಸ್ವಂತ ಹಣದಿಂದ ಒಂದು ಶಾಲೆಯನ್ನು ತೆರೆದ. ಅವರ ಸುರಕ್ಷತೆಗಾಗಿ ದೀಪವೊಂದನ್ನು ರೂಪಿಸಿದ. ಮನಸ್ಸು ಮಾತ್ರ ದೂರದ ದೇಶಗಳಲ್ಲಿತ್ತು. 1796ರಲ್ಲಿ ತಾಯಿ ತೀರಿಕೊಂಡು ಪಿತ್ರಾರ್ಜಿತ ಸಂಪತ್ತು ಕೈಗೆ ಬಂದಾಗ ಆತ ಹುದ್ದೆಯನ್ನು ತ್ಯಜಿಸಿದ.

1799ರ ಜೂನ್‌ನಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಎಮೇ ಬೊನ್‌ಪ್ಲಾನ್‌ನೊಡನೆ ಸ್ಪೇನಿನ ಲಾ ಕೊರುನ್ಯ ಬಂದರಿನಿಂದ ಹಡಗೇರಿದ ಹಂಬೋಲ್ಟ್, ಮುಂದಿನ ಐದು ವರ್ಷ ಸ್ಪೇನಿನ ಅಮೆರಿಕನ್ ವಸಾಹತುಗಳಲ್ಲಿ ಅಲೆದ. ಒರಿನೊಕೊ ನದಿಯ ಸೊಳ್ಳೆಗಳನ್ನೂ ಮೊಸಳೆಗಳನ್ನೂ ದಾಟಿ, ಕ್ಯೂಬಾವನ್ನು ಕಂಡು, ಆಂಡಿಸ್ ಪರ್ವತಗಳನ್ನು ಹತ್ತಿಳಿದು, 1802ರ ಜನವರಿಯಲ್ಲಿ ಕ್ವಿಟೊ ನಗರವನ್ನು ಸೇರಿದ. ಅಲ್ಲಿನ ಶ್ರೀಮಂತ ಮನೆತನವೊಂದರ ತರುಣ ಕಾರ್ಲೋಸ್ ಮೊಂಟುಫಾರ್ ಅವರ ಜೊತೆಗೂಡಿದ. ಸುತ್ತಲಿನ ಜ್ವಾಲಾಮುಖಿಗಳನ್ನು ಹಂಬೋಲ್ಟ್ ಒಂದೊಂದಾಗಿ ಏರತೊಡಗಿದ. ಪಿಚಿಂಚಾ ಪರ್ವತದ ಮೇಲೆ ಮೊದಲ ಸಲ ತಲೆಸುತ್ತಿ ಪ್ರಜ್ಞೆ ತಪ್ಪಿತು. ಆತ ಮತ್ತೆ ಹತ್ತಿದ. ಕೊಟೊಪಾಕ್ಸಿ ಆತನನ್ನು ಹಿಂದಕ್ಕೆ ಕಳುಹಿಸಿತು. ಉಳಿದುದು ಚಿಂಬೊರಾಜೊ.

ಜೂನ್ 22ರ ರಾತ್ರಿಯನ್ನು ಪರ್ವತದ ಬುಡದ ಕಲ್ಪಿ ಎಂಬ ಹಳ್ಳಿಯಲ್ಲಿ ಕಳೆದು, ಮರುದಿನ ಬೆಳಿಗ್ಗೆ ತಂಡ ಹೇಸರಗತ್ತೆಗಳ ಮೇಲೆ ಹೊರಟಿತು. ಹುಲ್ಲುಗಾವಲುಗಳನ್ನು ದಾಟಿದ ಮೇಲೆ ಪ್ರಾಣಿಗಳನ್ನು ಬಿಟ್ಟು ನಡೆಯಬೇಕಾಯಿತು. ಮಂಜು ದಟ್ಟವಾಗುತ್ತ ಬಂತು. ಐದು ಸಾವಿರ ಮೀಟರ್ ಎತ್ತರದ ಸುಮಾರಿಗೆ ಹೊರೆ ಹೊತ್ತ ಸ್ಥಳೀಯರು ಮುಂದೆ ಬರಲು ಒಪ್ಪಲಿಲ್ಲ. ಬೇಡಿಕೊಂಡರೂ ಬೆದರಿಸಿದರೂ ಅವರು ನಿಲ್ಲಲಿಲ್ಲ. ಒಬ್ಬನ ಹೊರತು ಎಲ್ಲರೂ ಹಿಂದಿರುಗಿದರು. ಪರ್ವತವನ್ನು ಬಲ್ಲವರು ಅವರೇ ಆಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಉಳಿದವರು ಹಂಬೋಲ್ಟ್, ಬೊನ್‌ಪ್ಲಾನ್, ಮೊಂಟುಫಾರ್ ಮತ್ತು ಸಮೀಪದ ಸ್ಯಾನ್ ಹುವಾನ್ ಹಳ್ಳಿಯ ಒಬ್ಬ ಮಿಶ್ರಜನಾಂಗದವನು.

ದಾರಿ ಒಂದು ಬಂಡೆಯ ಏಣಿನ ಮೇಲಿತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಅಂಥ ಏಣಿಗೆ ಚಾಕುವಿನ ಅಲಗು ಎಂದೇ ಹೆಸರು. ಕೆಲವೆಡೆ ಅದರ ಅಗಲ ಒಂದು ಗೇಣಿಗಿಂತ ಹೆಚ್ಚಿರಲಿಲ್ಲ. ಎಡಕ್ಕೆ ಗಾಜಿನಂತೆ ಹೆಪ್ಪುಗಟ್ಟಿದ ಹಿಮದ ಇಳಿಜಾರು. ಬಲಕ್ಕೆ ನೂರಾರು ಅಡಿ ಆಳದ ಪ್ರಪಾತ, ಅದರ ತಳದಲ್ಲಿ ಹಿಮವನ್ನು ಸೀಳಿ ನಿಂತ ಬಂಡೆಗಳು. ಎಡಕ್ಕೆ ಜಾರಿದರೆ ತಡೆಯುವಂಥದು ಏನೂ ಇರಲಿಲ್ಲ. ಆದ್ದರಿಂದ ಅವರು ಮೈಯನ್ನು ಬಲಕ್ಕೇ ವಾಲಿಸಿ ನಡೆದರು. ಬಿದ್ದರೂ ಅತ್ತಲೇ ಬೀಳಬೇಕೆಂಬ ವಿಲಕ್ಷಣ ವಿವೇಕ ಅದು. ಮುಂದೆ ಏಣು ಕಡಿದಾಯಿತು. ಕೈಗಳನ್ನೂ ಊರಿ ತೆವಳಬೇಕಾಯಿತು. ಚೂಪುಗಲ್ಲುಗಳಿಗೆ ಅಂಗೈ ಹರಿಯಿತು. ಹಂಬೋಲ್ಟನ ಕಾಲಿನಲ್ಲಿ ಮೊದಲೇ ಹುಣ್ಣಿತ್ತು.

ಇಷ್ಟರ ನಡುವೆಯೂ ಆತ ಅಳೆಯುವುದನ್ನು ಬಿಡಲಿಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ, ಕೊಳವೆಯಲ್ಲಿನ ಪಾದರಸದ ಕಂಬ ಇಳಿಯುತ್ತದೆ. ಆ ಇಳಿತದಿಂದ ಎತ್ತರವನ್ನು ಗಣಿಸಬಹುದು. ಸಮತಟ್ಟಾದ ಜಾಗ ಸಿಕ್ಕಲ್ಲೆಲ್ಲ ಮರಗಟ್ಟಿದ ಬೆರಳುಗಳಿಂದ ವಾಯುಭಾರಮಾಪಕವನ್ನು ನೆಟ್ಟಗೆ ನಿಲ್ಲಿಸಿ ಅಂಕಿಗಳನ್ನು ಬರೆದುಕೊಂಡ. ಪಾಚಿ ಎಲ್ಲಿಗೆ ಮುಗಿಯಿತು, ಬಂಡೆಗಂಟಿದ ಕಲ್ಲುಹೂವು ಎಲ್ಲಿಯವರೆಗೆ ಜೊತೆ ಬಂತು ಎಂಬುದನ್ನೂ ಗುರುತಿಸಿದ. ದೇಹಗಳು ಸೋಲುತ್ತಿದ್ದವು. ವಾಕರಿಕೆ, ತಲೆಸುತ್ತು, ಒಸಡಿನಿಂದಲೂ ತುಟಿಯಿಂದಲೂ ರಕ್ತ ಒಸರಿತು, ಕಣ್ಣುಗಳು ಕೆಂಪೇರಿದವು. ಸ್ಯಾನ್ ಹುವಾನಿನವನು ಎಲ್ಲರಿಗಿಂತ ಹೆಚ್ಚು ಬಳಲಿದ; ಆದರೂ ಬಿಟ್ಟು ಹೋಗಲಿಲ್ಲ. ಕಲ್ಲುಹೂವಿನ ಜಾತಿಯನ್ನೂ ಹೆಸರಿಸಿದ ಹಂಬೋಲ್ಟನ ಪ್ರಕಟಿತ ವೃತ್ತಾಂತದಲ್ಲಿ ಈ ಮನುಷ್ಯನಿಗೆ ಹೆಸರಿಲ್ಲ.

ಒಮ್ಮೆಲೇ ಮಂಜಿನ ತೆರೆ ಸರಿಯಿತು. ಶಿಖರದ ಬಿಳಿಯ ಗುಮ್ಮಟ ಕೈಗೆಟುಕುವಷ್ಟು ಸನಿಹದಲ್ಲಿ ಹೊಳೆಯಿತು. ಏಣೂ ತುಸು ಅಗಲವಾಗಿತ್ತು. ಉತ್ಸಾಹದಿಂದ ಹೆಜ್ಜೆ ಹಾಕಿದವರ ಎದುರು ಒಂದು ಕಂದರ ಬಾಯ್ದೆರೆಯಿತು: ಸುಮಾರು ನಾನೂರು ಅಡಿ ಆಳ, ಅರವತ್ತು ಅಡಿ ಅಗಲ. ಅದನ್ನು ದಾಟುವ ಉಪಾಯ ಇರಲಿಲ್ಲ. ಸುತ್ತಿ ಹೋಗೋಣವೆಂದರೆ ಮೆತ್ತನೆಯ ಹೊಸ ಹಿಮ ಕಾಲನ್ನು ನುಂಗುತ್ತಿತ್ತು. ಹಂಬೋಲ್ಟ್ ಕೊನೆಯ ಬಾರಿ ಉಪಕರಣವನ್ನು ನಿಲ್ಲಿಸಿದ. ಉಷ್ಣತೆ ಶೂನ್ಯಕ್ಕಿಂತ ಒಂದೂವರೆ ಡಿಗ್ರಿಯಷ್ಟು ಕೆಳಗಿತ್ತು. ಆತನ ಗಣನೆಯಂತೆ ಎತ್ತರ 5,900 ಮೀಟರಿಗೆ ಸಮೀಪ. ಶಿಖರವಿರುವುದು ಸುಮಾರು 6,260 ಮೀಟರಿನಲ್ಲಿ. ಮನುಷ್ಯನೊಬ್ಬ ಅಷ್ಟು ಎತ್ತರದಲ್ಲಿ ನಿಂತು ತನ್ನ ಎತ್ತರವನ್ನು ಅಳೆದು ದಾಖಲಿಸಿದ ನಿದರ್ಶನ ಅದಕ್ಕೆ ಹಿಂದೆ ಇರಲಿಲ್ಲ. ಮಂಜು ಮತ್ತೆ ಮುಚ್ಚಿಕೊಂಡಿತು.

ಯುರೋಪಿನಲ್ಲಿ ಚಿಂಬೊರಾಜೊದ ಒಂದು ಚೂರನ್ನು ಎಲ್ಲರೂ ಕೇಳುವರೆಂದು ಬಲ್ಲ ಅವರು ಜೇಬು ತುಂಬ ಕಲ್ಲುಗಳನ್ನು ಆಯ್ದುಕೊಂಡು ಇಳಿಯತೊಡಗಿದರು. ಬೇಗ ಇಳಿದುದೇ ಒಳ್ಳೆಯದಾಯಿತು. ಮೊದಲು ಆಲಿಕಲ್ಲು ಸುರಿಯಿತು. ಅನಂತರ ಅದು ಹಿಮಪಾತವಾಗಿ ತಿರುಗಿ, ತುಸು ಹೊತ್ತಿನಲ್ಲೇ ಏಣಿನ ಮೇಲೆ ಹಲವು ಅಂಗುಲ ದಪ್ಪ ಹಿಮ ಕೂತಿತು. ಬೆಳಿಗ್ಗೆ ತಾವಿಟ್ಟ ಹೆಜ್ಜೆಗಳೇ ಕಾಣದಾದವು. ಇನ್ನೂ ಮೇಲೆ ಉಳಿದಿದ್ದರೆ ಅವರು ಮರಳುತ್ತಿದ್ದರೆಂದು ಹೇಳುವಂತಿಲ್ಲ. ಮಧ್ಯಾಹ್ನ ಎರಡು ಗಂಟೆ ದಾಟುತ್ತಿದ್ದಂತೆ ಅವರು ಹೇಸರಗತ್ತೆಗಳನ್ನು ಬಿಟ್ಟುಹೋಗಿದ್ದ ಜಾಗವನ್ನು ತಲುಪಿದರು.

ಆ ದಿನದ ಅಂಕಿಗಳು ಮರುವರ್ಷವೇ ಚಿತ್ರವಾಗತೊಡಗಿದವು. ಗ್ವಾಯಾಕಿಲ್ ಬಂದರಿನಲ್ಲಿ ಹಂಬೋಲ್ಟ್ ಆರಂಭಿಸಿ 1807ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಚಿಂಬೊರಾಜೊವನ್ನು ಉದ್ದಕ್ಕೆ ಸೀಳಿದಂತೆ ತೋರಿಸಿದೆ. ಬುಡದಲ್ಲಿ ತಾಳೆಮರಗಳು, ಮೇಲೇರಿದಂತೆ ಓಕ್ ಮರಗಳು, ಕುರುಚಲು ಗಿಡಗಳು, ಹುಲ್ಲು, ಹಿಮದಂಚಿನಲ್ಲಿ ಕಲ್ಲುಹೂವು: ಪ್ರತಿಯೊಂದು ಸಸ್ಯದ ಹೆಸರನ್ನೂ ಅದು ಬೆಳೆಯುವ ಎತ್ತರದಲ್ಲೇ ಬರೆದಿದೆ. ಸಸ್ಯಭೂಗೋಳವೆಂಬ ಶಾಸ್ತ್ರಕ್ಕೆ ಆ ಚಿತ್ರವೇ ತಳಹದಿ. ಆದರೆ ಹತ್ತಿದ ಸಾಹಸದ ವಿವರವಾದ ಕಥನವನ್ನು ಆತ ಪ್ರಕಟಿಸಿದ್ದು 1837ರಲ್ಲಿ, ಮೂವತ್ತೈದು ವರ್ಷಗಳ ಅನಂತರ. ಹಿಮರೇಖೆಯಾಚೆಗಿನ ಏರಾಟದಿಂದ ವಿಜ್ಞಾನಕ್ಕೆ ದೊರೆಯುವುದು ಅಲ್ಪವೆಂಬುದು ಆತನ ಅಭಿಪ್ರಾಯ. ತುದಿ ಮುಟ್ಟಲಿಲ್ಲವೆಂಬುದನ್ನು ಆತ ಎಂದೂ ಮರೆಮಾಚಲಿಲ್ಲ. 1880ರಲ್ಲಿ ಮೊದಲ ಬಾರಿಗೆ ಶಿಖರವನ್ನು ಮುಟ್ಟಿದ ಎಡ್ವರ್ಡ್ ವಿಂಪರ್ ಹಂಬೋಲ್ಟ್ ಹೇಳಿದ ಎತ್ತರವನ್ನೇ ಸಂದೇಹಿಸಿದ.

ಸಂಗಡಿಗರ ಪಾಲಿಗೆ ಬಂದುದು ಬೇರೆಯ ಕಷ್ಟಗಳು. ಮೊಂಟುಫಾರ್ ಸ್ಪೇನಿನ ವಿರುದ್ಧ ಸ್ವಾತಂತ್ರ್ಯ ಹೋರಾಟಕ್ಕಿಳಿದು 1816ರಲ್ಲಿ ಗುಂಡಿಗೆ ಬಲಿಯಾದ. ಬೊನ್‌ಪ್ಲಾನ್ ಪರಾಗ್ವೆಯ ಸರ್ವಾಧಿಕಾರಿಯ ವಶದಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದ.

ಹಂಬೋಲ್ಟನಿಗೆ ಉಳಿದ ಹಂಬಲ ಹಿಮಾಲಯ. ಬ್ರಿಟಿಷ್ ಅಧಿಕಾರಿಗಳ ಅಳತೆಗಳಿಂದ ಚಿಂಬೊರಾಜೊ ಅತ್ಯುನ್ನತವಲ್ಲವೆಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು. 1814ರಿಂದ ಕೆಲವು ವರ್ಷ ಆತ ಭಾರತಕ್ಕೆ ಬರಲು ಯತ್ನಿಸಿದ. ಪ್ರಷ್ಯದ ಅರಸ ಹಣವನ್ನೂ ಒದಗಿಸಿದ. ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ದೊರೆಯಲೇ ಇಲ್ಲ. ವಸಾಹತುಗಳ ಆಡಳಿತವನ್ನೂ ಗುಲಾಮಗಿರಿಯನ್ನೂ ಖಂಡಿಸಿ ಬರೆದವನನ್ನು ಕಂಪನಿ ತನ್ನ ಸೀಮೆಯೊಳಗೆ ಬಿಟ್ಟುಕೊಳ್ಳಲಿಲ್ಲವೆಂದು ಚರಿತ್ರಕಾರರು ಊಹಿಸುತ್ತಾರೆ. ಕಾಣದ ಹಿಮಾಲಯದ ಹಿಮರೇಖೆಯನ್ನು ಕುರಿತು ಆತ ಪರರ ಅಂಕಿಗಳನ್ನು ಆಧರಿಸಿಯೇ ಬರೆದ. 1829ರಲ್ಲಿ ರಷ್ಯದ ಚಕ್ರವರ್ತಿಯ ಆಶ್ರಯದಲ್ಲಿ ಆಲ್ಟಾಯ್ ಪರ್ವತಗಳವರೆಗೆ ಹೋಗಿಬಂದುದಷ್ಟೇ ಏಷ್ಯದಲ್ಲಿ ಆತನಿಗೆ ದಕ್ಕಿದ್ದು.

ಪಿತ್ರಾರ್ಜಿತವೆಲ್ಲ ಪ್ರವಾಸಕ್ಕೂ ಗ್ರಂಥಪ್ರಕಟಣೆಗೂ ಕರಗಿತ್ತು. ಅರಸನ ಆಸ್ಥಾನದ ವೇತನದಲ್ಲಿ ಬರ್ಲಿನ್ನಿನಲ್ಲಿ ಬಾಳುತ್ತ, 1845ರಿಂದ 'ಕಾಸ್ಮೋಸ್' ಗ್ರಂಥದ ಸಂಪುಟಗಳನ್ನು ಹೊರತಂದ. ಐದನೆಯ ಸಂಪುಟ ಮುಗಿಯಲಿಲ್ಲ. 1859ರ ಮೇ 6ರಂದು ಆತ ತೀರಿಕೊಂಡ. ಅದೇ ವರ್ಷ ಯೂಲಿಯುಸ್ ಶ್ರಾಡರ್ ಎಂಬ ಕಲಾವಿದ ಬರೆದ ಭಾವಚಿತ್ರದಲ್ಲಿ ಎಂಬತ್ತೊಂಬತ್ತರ ವೃದ್ಧ ಕುಳಿತಿದ್ದಾನೆ. ಬೆನ್ನ ಹಿಂದೆ, ಹಿಮ ಹೊದ್ದು, ಮಂಜಿಲ್ಲದ ಹಗಲಿನಲ್ಲಿ ಚಿಂಬೊರಾಜೊ ನಿಂತಿದೆ.