ಆಪರೇಷನ್ ಮುಗಿದ ಮೇಲಿನ 13 ವರ್ಷ

ಆಪರೇಷನ್ ಆಯ್ತು, ಗೆದ್ದು ಬಂದ್ರು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕರುಳಿನ ಆಪರೇಷನ್ ಆದವರನ್ನು ಕೇಳಿ ನೋಡಿ, ಎಷ್ಟೋ ಜನರಿಗೆ ಕಷ್ಟ ಶುರುವಾಗೋದೇ ಡಿಸ್ಚಾರ್ಜ್ ಆದ ಮೇಲೆ. ಫ್ರೆಂಚ್ ಚಿತ್ರಕಾರ ಆನ್ರಿ ಮಾತಿಸ್ ಬದುಕನ್ನು ನಾನು ಓದಿಕೊಂಡಿದ್ದು ಈ ಕಣ್ಣಿನಿಂದಲೇ.

ಮಾತಿಸ್ ಹುಟ್ಟಿದ್ದು 1869ರ ಡಿಸೆಂಬರ್ 31ರಂದು, ಉತ್ತರ ಫ್ರಾನ್ಸಿನಲ್ಲಿ. ಅಪ್ಪನದು ಕಾಳು, ಬಿತ್ತನೆ ಬೀಜದ ವ್ಯಾಪಾರ. ಮಗ ಕಾನೂನು ಓದಿ ವಕೀಲರ ಆಫೀಸಿನಲ್ಲಿ ಗುಮಾಸ್ತನಾದ. 20ರ ಆಸುಪಾಸಿನಲ್ಲಿ ಹೊಟ್ಟೆಯ ಕಾಯಿಲೆಯಿಂದ ಮಲಗಿದ್ದಾಗ, ಹೊತ್ತು ಹೋಗಲಿ ಅಂತ ಅಮ್ಮ ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಅಲ್ಲಿಗೆ ವಕೀಲಿಕೆ ಮುಗೀತು. ಅಪ್ಪನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದ ನನ್ನಂಥವರಿಗೆ ಆ ಮನೆಯ ಗಲಾಟೆ ಊಹಿಸೋದು ಕಷ್ಟವಲ್ಲ. 1905ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಅವರ ಬಣ್ಣಗಳು ಊರಿಡೀ ಜಗಳ ಹಚ್ಚಿದ್ದವು.

1941ರ ಜನವರಿ. ಫ್ರಾನ್ಸ್ ಜರ್ಮನರ ಮುಂದೆ ಸೋತಿತ್ತು. 71 ವರ್ಷದ ಮಾತಿಸ್‌ಗೆ ಕರುಳಿನ ಕ್ಯಾನ್ಸರ್. ಲಿಯೋನ್ ನಗರದಲ್ಲಿ ಆಪರೇಷನ್ ಆಯಿತು. ಆಮೇಲೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು, ಸೋಂಕು ಬಂತು. ಹಿಡಿದ ಕೆಲಸ ಮುಗಿಸಲು ಮೂರ್ನಾಲ್ಕು ವರ್ಷ ಉಳಿಸಿಕೊಡಿ ಅಂತ ಅವರು ವೈದ್ಯರನ್ನು ಬೇಡಿಕೊಂಡಿದ್ದರು. ಸಿಕ್ಕಿದ್ದು 13 ವರ್ಷಕ್ಕೂ ಹೆಚ್ಚು.

ಆದರೆ ಎಂಥ ವರ್ಷಗಳು? ಹೊಟ್ಟೆಯ ಸ್ನಾಯುಗಳು ಮತ್ತೆ ಬಲ ಪಡೆಯಲಿಲ್ಲ. ಕೊಯ್ದ ಗೋಡೆ ಸರಿಯಾಗಿ ಕೂಡಿಕೊಳ್ಳದಿದ್ದರೆ, ನಿಂತಾಗ ಒಳಗಿನ ಭಾರವೆಲ್ಲ ಅದೇ ಜಾಗಕ್ಕೆ ಒತ್ತುತ್ತದೆ. ಹಾಗಾಗಿ ಹೆಚ್ಚು ಹೊತ್ತು ನಿಲ್ಲೋಕಾಗಲ್ಲ, ಹೊಟ್ಟೆಗೆ ಪಟ್ಟಿ ಬೇಕು. ಹಾಸಿಗೆ, ಗಾಲಿಕುರ್ಚಿ ಇಷ್ಟೇ ಲೋಕ. 1944ರಲ್ಲಿ, ನಾಜಿ ವಿರೋಧಿ ಹೋರಾಟದಲ್ಲಿದ್ದರೆಂದು, ಬೇರೆಯಾಗಿದ್ದ ಹೆಂಡತಿ ಅಮೆಲಿ ಮತ್ತು ಮಗಳು ಮಾರ್ಗರೀತ್ ಬಂಧನಕ್ಕೊಳಗಾದರು. ಮಗಳು ಚಿತ್ರಹಿಂಸೆ ಅನುಭವಿಸಿದರು.

ನಿಂತು ಚಿತ್ರ ಬರೆಯೋಕಾಗದ ಮನುಷ್ಯ ಕೆಲಸದ ವಿಧಾನವನ್ನೇ ಬದಲಿಸಿಬಿಟ್ಟರು. ಸಹಾಯಕರು ಕಾಗದಕ್ಕೆ ಬಣ್ಣ ಹಚ್ಚಿ ಕೊಡುತ್ತಿದ್ದರು. ಮಾತಿಸ್ ಕೂತಲ್ಲೇ ಕತ್ತರಿಯಿಂದ ಆಕಾರ ಕತ್ತರಿಸುತ್ತಿದ್ದರು. ಅವರು ಹೇಳಿದ ಜಾಗಕ್ಕೆ ಸಹಾಯಕರು ಅದನ್ನು ಗೋಡೆಗೆ ಪಿನ್ ಮಾಡುತ್ತಿದ್ದರು. ಉದ್ದನೆಯ ಬಿದಿರಿನ ಕೋಲಿಗೆ ಇದ್ದಿಲು ಕಟ್ಟಿ ಚಿತ್ರ ಬರೆದದ್ದೂ ಉಂಟು. 1947ರಲ್ಲಿ ‘ಜಾಝ್’ ಪುಸ್ತಕ ಬಂತು, 1951ರಲ್ಲಿ ವಾನ್ಸ್ ಊರಿನ ಪ್ರಾರ್ಥನಾ ಮಂದಿರ ಮುಗಿಯಿತು. 1953ರ ‘ಬಸವನಹುಳು’ ಸುಮಾರು 3 ಮೀಟರ್ ಅಗಲ, ಅಷ್ಟೇ ಎತ್ತರ. 1954ರ ನವೆಂಬರ್ 3ರಂದು ನೀಸ್‌ನಲ್ಲಿ ತೀರಿಕೊಳ್ಳುವವರೆಗೂ ಕೆಲಸ ನಿಂತಿರಲಿಲ್ಲ.

ಇದನ್ನು ಬರೀ ಛಲದ ಕಥೆ ಮಾಡಿಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ರಷ್ಯಾದಿಂದ ಬಂದ ಲಿಡಿಯಾ ಡೆಲೆಕ್ಟೋರ್ಸ್ಕಾಯಾ ಇಡೀ ಸ್ಟುಡಿಯೋ ನಡೆಸಿದರು. 1942ರಲ್ಲಿ ಮೋನಿಕ್ ಬೂರ್ಜ್ವಾ ಎಂಬ ಯುವತಿ ರಾತ್ರಿ ಆರೈಕೆಗೆ ಬಂದರು. ಮುಂದೆ ಸನ್ಯಾಸಿನಿಯಾದ ಅವರ ಕಾರಣಕ್ಕೇ ಮಾತಿಸ್ ಆ ಮಂದಿರ ಕಟ್ಟಿದ್ದು. ಇಷ್ಟು ಕೈಗಳಿಗೆ ಸಂಬಳ ಕೊಡುವಷ್ಟು ದುಡ್ಡು ಅವರಲ್ಲಿತ್ತು. ಕೆಲಸದ ವೇಳೆ ಅವರದ್ದೇ, ಕುರ್ಚಿಯೂ ಅವರದ್ದೇ.

ನಾನಿರುವ ಕುಂದಲಹಳ್ಳಿಯಲ್ಲಿ ಇದೇ ಆಪರೇಷನ್ ಆದ ಸೆಕ್ಯೂರಿಟಿ ಗಾರ್ಡ್‌ಗೆ ಏನಿದೆ? ಪಾಳಿ ಪೂರ್ತಿ ನಿಲ್ಲಬೇಕು. ಡೆಲಿವರಿ ಹುಡುಗನಿಗೆ ಅರ್ಜೆಂಟಾದರೆ ಟಾಯ್ಲೆಟ್ ಎಲ್ಲಿ? ಟೆಕ್ ಪಾರ್ಕಿನ ಉದ್ಯೋಗಿಯೂ ಮೀಟಿಂಗ್ ಮಧ್ಯೆ ಪದೇಪದೇ ಎದ್ದು ಹೋಗೋಕೆ ಕಾರಣ ಹೇಳಲಾಗದೆ ಒದ್ದಾಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಕರುಳಿನ ಆಪರೇಷನ್ನಿನ ನಂತರದ ತೊಂದರೆಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಕಾರ್ಮಿಕ ಸಂಘಟನೆಗಳಲ್ಲಿ ಓಡಾಡುವ ಗೆಳೆಯರೇ, ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂರಲು ಕುರ್ಚಿ, ಹತ್ತಿರದಲ್ಲೊಂದು ಶೌಚಾಲಯ, ಕಾರಣ ಕೇಳದ ಬಿಡುವು ಇವನ್ನೂ ಬರೆಯಿರಿ. ಬದುಕಿ ಉಳಿದವರು ಕೆಲಸಕ್ಕೆ ಮರಳಲು ಕನಿಷ್ಠ ಇಷ್ಟಾದರೂ ಬೇಕು.