ಧಾರವಾಡದಲ್ಲಿ ಹುಟ್ಟಿದ ಬಾಳೂ ಕಲಿತ ಶಾಲೆ

ಕ್ರಿಕೆಟ್ ಎಂದೊಡನೆ ನಮ್ಮ ಮನೆಗಳಲ್ಲಿ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಅವರ ಹೆಸರುಗಳು ಕೇಳಿಬರುತ್ತವೆ. ಇವರೆಲ್ಲರಿಗಿಂತ ಬಹು ಹಿಂದೆ ಕನ್ನಡ ನೆಲದಲ್ಲಿ ಹುಟ್ಟಿ, ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್ ಎನಿಸಿದ ಪಾಳವಣಕರ ಬಾಳೂ ಅವರನ್ನು ನೆನೆಯುವವರು ಮಾತ್ರ ವಿರಳ.

ಬಾಳೂ ಜನಿಸಿದ್ದು 1876ರ ಮಾರ್ಚ್ 19ರಂದು, ಧಾರವಾಡದಲ್ಲಿ. ಕೆಲವು ಗ್ರಂಥಗಳು 1875 ಎನ್ನುತ್ತವೆ. ಮನೆತನದ ಮೂಲ ಕೊಂಕಣದ ಪಾಳವಣ ಗ್ರಾಮ. ಅಡ್ಡಹೆಸರು ಬಂದದ್ದು ಅಲ್ಲಿಂದಲೇ. ಅವರದು ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಹೊಂದಿದ್ದ, ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿರಿಸಿದ್ದ ಚಾಂಭಾರ ಸಮುದಾಯ. ತಂದೆ ಸೈನ್ಯದ ಆಶ್ರಯದಲ್ಲಿ ದುಡಿಯುತ್ತಿದ್ದರು. ಅವರು 112ನೆಯ ಪದಾತಿ ದಳದ ಸಿಪಾಯಿ ಎಂದು ಒಂದು ಹೇಳಿಕೆ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ನೌಕರ ಎಂದು ಇನ್ನೊಂದು. ಅಂತೂ ಕುಟುಂಬ ಪುಣೆಯಲ್ಲಿ ನೆಲೆಸಿತು.

ಅಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಂಗ್ಲ ಸೇನಾಧಿಕಾರಿಗಳು ಬಿಸುಟ ಬ್ಯಾಟು, ಚೆಂಡುಗಳಿಂದ ಆಟ ಕಲಿತರು. ಮನೆಯ ಖರ್ಚಿಗೆ ನೆರವಾಗಲು ಇಬ್ಬರೂ ಬೇಗನೆ ಶಾಲೆ ಬಿಡಬೇಕಾಯಿತು. ಬಾಳೂ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಆಂಗ್ಲರ ಪೂನಾ ಕ್ಲಬ್ಬಿಗೆ ಬಂದಾಗ ಅದು 4 ರೂಪಾಯಿ ಆಯಿತು. ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಲೇ ವಯಸ್ಸು ಕಳೆದ ನನ್ನಂಥವನಿಗೆ ಈ ಒಂದು ರೂಪಾಯಿಯ ಬಡ್ತಿ ಸಣ್ಣದೆನಿಸುವುದಿಲ್ಲ. ಏಕೆಂದರೆ ಅದರೊಡನೆ ಒಂದು ವಿದ್ಯೆಯೂ ದೊರೆಯಿತು.

ಬಲೆ ಕಟ್ಟುವುದು, ಗೆರೆ ಎಳೆಯುವುದು ಅವರ ಕೆಲಸ. ಅಭ್ಯಾಸಕ್ಕೆ ಬಂದ ಅಧಿಕಾರಿಗಳು ಹುಡುಗನ ಕೈಗೆ ಚೆಂಡು ಕೊಟ್ಟರು. ಮುಖ್ಯವಾಗಿ ಜೆ. ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟುಗಾರನಿಗೆ ಬಾಳೂ ತಾಸುಗಟ್ಟಲೆ ಎಡಗೈ ಸ್ಪಿನ್ ಎಸೆಯುತ್ತಿದ್ದರು. ತನ್ನನ್ನು ಔಟ್ ಮಾಡಿದ ಪ್ರತಿ ಸಲವೂ ಗ್ರೇಗ್ 8 ಆಣೆ ಕೊಡುತ್ತಿದ್ದನೆಂಬ ಕಥೆಯಿದೆ. ಬ್ಯಾಟನ್ನು ಮಾತ್ರ ಬಾಳೂ ಕೈಗೆ ಯಾರೂ ಕೊಡಲಿಲ್ಲ. ಬ್ಯಾಟು ದೊರೆಗಳದು, ಚೆಂಡು ಆಳಿನದು!

ಪುಣೆಯ ಹಿಂದೂ ತಂಡಕ್ಕೆ ಆಂಗ್ಲರನ್ನು ಸೋಲಿಸುವ ಹಂಬಲವಿತ್ತು. ಅದಕ್ಕೆ ಬಾಳೂ ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಹಿಡಿಯುತ್ತಿದ್ದರು. ಚಹದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ, ಬೇರೆಯೇ ತಟ್ಟೆಯಲ್ಲಿ ಊಟ. ಜತೆಗೆ ಆಡುವವರು ಜತೆಗೆ ಉಣ್ಣಲೂ ಬೇಕೆಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿ ವಾದಿಸಬೇಕಾಯಿತು.

ಮುಂದೆ ಬಾಳೂ ಮುಂಬಯಿಗೆ ಬಂದು ರೈಲ್ವೆಯಲ್ಲಿ ಉದ್ಯೋಗ ಹಿಡಿದರು. 1906ರಲ್ಲಿ ಇಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅವರ ಬೌಲಿಂಗಿನ ಪಾತ್ರ ಹಿರಿದು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ತಂಡದೊಡನೆ ಇಂಗ್ಲೆಂಡಿಗೆ ಹೋಗಿ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ದೊರೆತದ್ದು 1923ರಲ್ಲಿ, ತಮ್ಮ ವಿಠ್ಠಲನಿಗೆ.

ದಲಿತರ ಹೋರಾಟ ಕಾವೇರಿದ ಕಾಲದಲ್ಲಿ ಬಾಳೂ ರಾಜಕೀಯಕ್ಕೆ ಬಂದರು. ಡಾ. ಅಂಬೇಡ್ಕರರ ನೇತೃತ್ವದಲ್ಲಿ ನಾಸಿಕದ ಕಾಳಾರಾಮ ಮಂದಿರ ಪ್ರವೇಶದ ಸತ್ಯಾಗ್ರಹ 1930ರಲ್ಲಿ ಆರಂಭವಾಗಿತ್ತು. 1935ರಲ್ಲಿ ನಾಸಿಕ ಜಿಲ್ಲೆಯ ಯೆವಲೆಯಲ್ಲಿ ಅಂಬೇಡ್ಕರರು ತಾವು ಹಿಂದೂವಾಗಿ ಸಾಯಲಾರೆನೆಂದು ಸಾರಿದರು. ಮತಾಂತರದ ಈ ಮಾರ್ಗ ಬಾಳೂ ಅವರಿಗೆ ಒಪ್ಪಿಗೆಯಾಗಲಿಲ್ಲ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರು ನಿಲ್ಲಿಸಿತು. ಬಾಳೂ ಸುಮಾರು 2,000 ಮತಗಳಿಂದ ಸೋತರು. ಗೆದ್ದವರು ಮುಂದೆ 1950ರಲ್ಲಿ ಆಗಿನ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಮಿಲಿಂದ ಮಹಾವಿದ್ಯಾಲಯವನ್ನು ಕಟ್ಟಿದರು. ಬಾಳೂ ಬಾಲ್ಯದಲ್ಲಿ ಕಾಣದ ಬಾಗಿಲೊಂದು ಅಲ್ಲಿ ತೆರೆಯಿತು.

ವಿಠ್ಠಲರು 1948ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಆತ್ಮಕಥೆ ಪ್ರಕಟಿಸಿದರು. ಈ ಮನೆತನದ ಅನೇಕ ಸಂಗತಿಗಳು ನಮಗೆ ಉಳಿದುಬಂದದ್ದು ಅದರಿಂದ. ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು.