ತಂಬೂರಿಗೆ ಖಾನ್ ಪದವಿ ಕೊಟ್ಟ ಸುಲ್ತಾನ

ಹಳೇ ಇಂಜಿನಿಯರಿಂಗ್ ಗೆಳೆಯರು ಸೇರಿದಾಗೆಲ್ಲ ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ದಾಳ, ಕಾಗದ, ಒಂದಿಷ್ಟು ಕಲ್ಪನೆ, ಅಷ್ಟೇ ಸಾಮಾನು. ಈ ಸಲ ನನ್ನದು ಹಾಡುಗಾರನ ಪಾತ್ರ. ಹೆಸರು ಹುಟ್ಟಿಸೋ ವೆಬ್‌ಸೈಟ್ ಕೊಟ್ಟಿದ್ದೆಲ್ಲ ಯುರೋಪಿನ ಕಾಡಿನ ಹೆಸರುಗಳು. ಒಂದೂ ನಾಲಿಗೆಗೆ ಹತ್ತಲಿಲ್ಲ. ಆಗ ನೆನಪಾದವನು ಎರಡನೇ ಇಬ್ರಾಹಿಂ ಆದಿಲ್‌ಶಾಹ.

ನಾನು ಬಬಲೇಶ್ವರದ ಕಡೆಯವನು. ಶಾಲೆಯ ಟ್ರಿಪ್ ಅಂದ್ರೆ ನಮಗೆ ಗೋಳಗುಮ್ಮಟ. ಇಬ್ರಾಹಿಂ ರೋಜಾಕ್ಕೆ ಕೊನೆಯ ಹತ್ತು ನಿಮಿಷ. ಅಲ್ಲಿ ಮಲಗಿರೋನ ಕತೆ ಯಾರೂ ಹೇಳಿರಲಿಲ್ಲ.

1580ರಲ್ಲಿ ದೊಡ್ಡಪ್ಪ ಒಂದನೇ ಅಲಿ ಆದಿಲ್‌ಶಾಹ ಕೊಲೆಯಾದಾಗ ಇಬ್ರಾಹಿಂಗೆ ಒಂಬತ್ತರ ಆಸುಪಾಸು. ಪಟ್ಟ ಕಟ್ಟಿದರು. ಅಲಿಯ ಪತ್ನಿ ಚಾಂದ್‌ಬೀಬಿ ಕಾವಲಿಗೆ ನಿಂತಳು. ಆದ್ರೆ ಅಧಿಕಾರ ಒಬ್ಬ ಸರದಾರನ ಕೈಯಿಂದ ಇನ್ನೊಬ್ಬನ ಕೈಗೆ ಜಾರುತ್ತಿತ್ತು. ಅವರಲ್ಲೊಬ್ಬ ಚಾಂದ್‌ಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. 1590ರಲ್ಲಿ ದಿಲಾವರ್ ಖಾನ್ ಉರುಳುವವರೆಗೂ ಹುಡುಗ ಹೆಸರಿಗೆ ಮಾತ್ರ ಸುಲ್ತಾನ.

ಹಾಗೆ ಹೆಸರಿಗೆ ಮಾತ್ರ ಇದ್ದವನು ಮುಂದೆ ಮಾಡಿದ ದೊಡ್ಡ ಕೆಲಸ ಹೆಸರಿಡೋದು!

ಅವನಿಗೆ ಸಂಗೀತದ ಹುಚ್ಚು. ಆರಿಸಿಕೊಂಡಿದ್ದು ಒಂದೇ ಪದ: ನವರಸ್. ಸಂಸ್ಕೃತದ ಕಿವಿಗೆ ಅದು ಒಂಬತ್ತು ರಸ, ಪಾರಸಿಯ ಕಿವಿಗೆ ಹೊಸದಾಗಿ ಮಾಗಿದ್ದು. ದಖ್ಖನಿಯಲ್ಲಿ ತಾನೇ ಬರೆದ ಹಾಡುಗಳ ಪುಸ್ತಕ ಕಿತಾಬ್-ಎ-ನವರಸ್ ಆಯ್ತು. ಟಿಕೋಟಾಕ್ಕೆ ಹೋಗೋ ದಾರಿಯಲ್ಲಿ, ತೊರವಿ ಹತ್ತಿರ, 1599ರಲ್ಲಿ ಶುರುವಾದ ಹೊಸ ನಗರ ನವರಸಪುರ ಆಯ್ತು. ಹಬ್ಬಕ್ಕೂ ಅರಮನೆಗೂ ಅದೇ ಹೆಸರು. ಅವನ ಆಸ್ಥಾನದ ಫಿರಿಶ್ತಾ ಬರೆದ ಇತಿಹಾಸಕ್ಕೂ ನವರಸನಾಮೆ ಅನ್ನೋ ಹೆಸರು ಅಂಟಿತು.

ನನಗೆ ಹೆಚ್ಚು ಇಷ್ಟವಾಗೋದು ಚಿಕ್ಕ ಹೆಸರುಗಳು. ತಂಬೂರಿ ಮೋತಿ ಖಾನ್, ಅಂದ್ರೆ ಮುತ್ತು. ಆನೆ ಆತಿಶ್ ಖಾನ್, ಅಂದ್ರೆ ಬೆಂಕಿ. ಇಬ್ಬರೂ ಅವನ ಹಾಡುಗಳಲ್ಲಿ ಬರ್ತಾರೆ. ಖಾನ್ ಅನ್ನೋದು ದರಬಾರಿನ ಸರದಾರರ ಪದವಿ. ಬಾಲ್ಯವನ್ನೆಲ್ಲ ಖಾನ್‌ಗಳ ಕೈಗೊಂಬೆಯಾಗಿ ಕಳೆದವನು ಕೊನೆಗೆ ಆ ಪದವಿಯನ್ನ ಒಂದು ವಾದ್ಯಕ್ಕೆ ಕೊಟ್ಟ. ತಮಾಷೆಯೋ ಸೇಡೋ, ಹೆಸರಂತೂ ಪಕ್ಕಾ ಕೂತಿದೆ.

ತನಗೆ ಜಗದ್ಗುರು ಅನ್ನೋ ಬಿರುದು. ಹಾಡುಗಳಲ್ಲಿ ಸರಸ್ವತಿ ತಾಯಿ, ಗಣಪತಿ ತಂದೆ. ರಾಜಧಾನಿಯನ್ನ ವಿದ್ಯಾಪುರ ಅಂದ. ಕಟ್ಟಾ ಮುಸ್ಲಿಂ ಸುಲ್ತಾನ, ಕಟ್ಟಾ ಹಿಂದೂ ರಾಜ ಅನ್ನೋ ಖಾನೆಗಳಲ್ಲಿ ಇವನನ್ನ ತುಂಬೋಕೆ ಹೋದವರಿಗೆ ಈ ಹೆಸರುಗಳೇ ಅಡ್ಡ ಬರ್ತವೆ.

ಆದರೆ ಹೆಸರು ಕೋಟೆಯಲ್ಲ. 1624ರಲ್ಲಿ ಮಲಿಕ್ ಅಂಬರ್ ನವರಸಪುರವನ್ನ ಲೂಟಿ ಮಾಡಿದ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದವನು ಅವನು. ಅಂಬರ್ ಅನ್ನೋದೂ ಒಡೆಯ ಇಟ್ಟ ಹೆಸರು. ಬೇರೆಯವರು ಹೆಸರಿಟ್ಟವನು, ಎಲ್ಲಕ್ಕೂ ತಾನೇ ಹೆಸರಿಟ್ಟವನ ಊರನ್ನ ಹಾಳು ಮಾಡಿದ. ಮೂರು ವರ್ಷಕ್ಕೆ, 1627ರಲ್ಲಿ, ಇಬ್ರಾಹಿಂ ತೀರಿಕೊಂಡ.

ನವರಸಪುರದ ಸಂಗೀತ ಮಹಲ್ ಈಗ ಪಾಳು. ಹೆಸರು ಮಾತ್ರ ನವರಸಪುರ ಉತ್ಸವದಲ್ಲಿ ಉಳಿದಿದೆ. 2014ರ ನವೆಂಬರ್ 1ಕ್ಕೆ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯ್ತು. ಹೆಸರು ಬದಲಿಸೋದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. ಆದ್ರೆ ಇಬ್ರಾಹಿಂ ಒಂದು ಹೆಸರನ್ನ ಅಳಿಸೋಕೆ ಇನ್ನೊಂದನ್ನ ತರಲಿಲ್ಲ; ಎರಡು ಭಾಷೆಗೂ ತೆರೆಯೋ ಬಾಗಿಲು ಹುಡುಕಿದ. ಆಟಕ್ಕಾಗಲಿ ಊರಿಗಾಗಲಿ, ಹೆಸರಿಡೋರು ಅವನಿಂದ ಕಲಿಯಬೇಕಾದ್ದು ಇದನ್ನೇ ಅಂತ ನನಗನ್ನಿಸುತ್ತೆ.

ಮೊನ್ನೆ ಪಾತ್ರದ ಹಾಳೆ ತುಂಬಿದೆ. ಮೊದಲು ವಾದ್ಯಕ್ಕೆ ಹೆಸರಿಟ್ಟೆ. ಹಾಡುಗಾರನ ಹೆಸರು ಆಮೇಲೆ ತಾನಾಗೇ ಬಂತು: ತೊರವಿಯ ನವರಸಪ್ಪ. ಗೆಳೆಯರು ನಕ್ಕರು. ಮುಂದಿನ ಆಟದ ಹೊತ್ತಿಗೆ ಎಲ್ಲರೂ ಅವನನ್ನ ಅದೇ ಹೆಸರಲ್ಲಿ ಕರೀತಿದ್ರು.